ತಾತನ ಯುದ್ಧಕಾಲದ ಅಂಗಿ ಟಾರ್ಚಿನ ಬೆಳಕಿಗೆ ನೀಲಿಯಾಗಿ ಹೊಳೆಯುತ್ತಿದೆ: ನಕಲಿಯೇ? ಕಿಲುಬು ತೆಗೆಯುವುದು ಹೇಗೆ?

ಪ್ರಶ್ನೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದು (ಸೇನೆಯ ಎಂಜಿನಿಯರ್ ದಳ), ಬರ್ಮಾ ಗಡಿಯಲ್ಲಿ ರಸ್ತೆ ಮತ್ತು ಸೇತುವೆಗಳ ಕೆಲಸ ಮಾಡಿ, 1946ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದವರು. ಅವರ ಕಬ್ಬಿಣದ ಟ್ರಂಕನ್ನು ಕಳೆದ ತಿಂಗಳು ತೆರೆದಾಗ ಎರಡು ಎದೆಜೇಬುಗಳಿರುವ ತುಂಬುತೋಳಿನ ಒಂದು ಅಂಗಿ, ಅದರ ಭುಜಕ್ಕೆ ಸಿಕ್ಕಿಸಿದ್ದ ಹಿತ್ತಾಳೆಯ ಅಕ್ಷರಪಟ್ಟಿ ಮತ್ತು ಮೂರು ಪದಕಗಳು ಸಿಕ್ಕಿದವು. ಅಂಗಿಯ ಬಣ್ಣ ಈಗ ಒಣಹುಲ್ಲಿನಂತಿದೆ. ಜೇಬಿನ ಮುಚ್ಚಳ ಎತ್ತಿ ನೋಡಿದರೆ ಮಾತ್ರ ಕಡು ಹಸಿರು ಉಳಿದಿದೆ. ಐದು ಗುಂಡಿಗಳ ಪೈಕಿ ನಾಲ್ಕು ಕಂದು ಬಣ್ಣದ ಪ್ಲಾಸ್ಟಿಕ್ಕಿನಂಥವು, ಒಂದು ಗಂಡಭೇರುಂಡ ಇರುವ ಹಿತ್ತಾಳೆಯದು.

ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಮನೆಗೆ ಬಂದು, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಅಂಗಿಯ ಮೇಲೆ ಹಿಡಿದರು. ಅಂಗಿಯೆಲ್ಲಾ ನೀಲಿಯಾಗಿ ಹೊಳೆಯಿತು. ಇದು ಯುದ್ಧಕಾಲದ್ದಲ್ಲ, ಈಚೆಗೆ ಹೊಲಿಸಿದ ನಕಲಿ ಎಂದು ಹೇಳಿದ ಅವರು, ಆದರೂ 800 ರೂಪಾಯಿ ಕೊಡುತ್ತೇನೆ ಎಂದರು. ಅಂಗಿಯನ್ನು ನಾನು ಕೊಡಲಿಲ್ಲ. ತಾತ ಸುಳ್ಳು ಹೇಳಿದರೆಂದು ನಂಬಲು ಮನಸ್ಸು ಒಪ್ಪುವುದಿಲ್ಲ, ಹೊಳೆದದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಎರಡನೆಯ ತೊಂದರೆ: ಅಕ್ಷರಪಟ್ಟಿಯ ಸುತ್ತ ಹಸಿರು ಕಿಲುಬು ಕಟ್ಟಿ ಬಟ್ಟೆಗೂ ಇಳಿದಿದೆ. ನಿಂಬೆರಸ ಹಾಕಿ ಉಜ್ಜಿ, ಅಂಗಿಯನ್ನು ಒಮ್ಮೆ ಒಗೆದುಬಿಡಬಹುದೇ?

ಉತ್ತರ (ತುಮಕೂರು)

ಸರ್, ತಮಗೆ ಬೇಸರವಾಗಬಹುದು, ಆದರೆ ನಾನು ಕಲಿತ ಪಾಠವೂ ಅದೇ. ನೇರಳಾತೀತ ಬೆಳಕಿಗೆ ಹೊಳೆಯುವ ಸಮವಸ್ತ್ರವನ್ನು ಕೊಳ್ಳಬಾರದು. ಬಟ್ಟೆಯನ್ನು ಬೆಳ್ಳಗೆ ತೋರಿಸುವ, ಆ ಬೆಳಕಿಗೆ ನೀಲಿಯಾಗಿ ಹೊಳೆಯುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಪಾಲಿಯೆಸ್ಟರ್ ದಾರ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ನಾನು ಬೆಂಗಳೂರಿನಲ್ಲಿ ಕೊಂಡ ಒಂದು ಅಂಗಿ ಇದೇ ಪರೀಕ್ಷೆಯಲ್ಲಿ ಸೋತಿತು.

ಉತ್ತರ (ಕೋಲಾರ ಚಿನ್ನದ ಗಣಿ)

ತುಮಕೂರಿನ ಮಿತ್ರರು ಹೇಳಿದ ನಿಯಮ ತಪ್ಪಲ್ಲ. ಆದರೆ ಅದು ಅಂಗಡಿಯಲ್ಲಿ ಕೊಳ್ಳುವಾಗ ಎಚ್ಚರಿಕೆಗೆ ಮಾಡಿಕೊಂಡ ನಿಯಮ. ಮನೆಯವರೇ ಎಂಟು ದಶಕ ಕಾಪಾಡಿದ ಬಟ್ಟೆಗೆ ಅದನ್ನು ಹಾಗೆಯೇ ಹಚ್ಚಿದರೆ ಮೋಸಹೋಗುತ್ತೇವೆ. ಅಂಗಿಯನ್ನು ದಯವಿಟ್ಟು ಒಗೆಯಬೇಡಿ, ನಿಂಬೆರಸವನ್ನೂ ಹಾಕಬೇಡಿ. ಮೊದಲು ನನ್ನ ಒಂದು ಪ್ರಶ್ನೆಗೆ ಉತ್ತರಿಸಿ: ಈ ಅಂಗಿಯನ್ನು ಮನೆಯಲ್ಲಿ ಒಗೆಯುತ್ತಿದ್ದರೇ, ಒಗೆಯುತ್ತಿದ್ದರೆ ಯಾವುದರಲ್ಲಿ?

ಕೇಳುವುದಕ್ಕೆ ಕಾರಣವಿದೆ. ಆ ಬೆಳ್ಳಗಾಗಿಸುವ ರಾಸಾಯನಿಕ ಗಿರಣಿಯಲ್ಲಿ ಮಾತ್ರ ಬಟ್ಟೆಗೆ ಸೇರುವುದಿಲ್ಲ; ಬಟ್ಟೆ ಒಗೆಯುವ ಪುಡಿಯಲ್ಲಿಯೂ ಅದೇ ಇರುತ್ತದೆ. ನಮ್ಮ ದೇಶದಲ್ಲಿ ಸರ್ಫ್ ಪುಡಿ ಬಂದದ್ದು 1959ರಲ್ಲಿ. ಅದಾದ ಮೇಲೆ ಯಾವ ವರ್ಷದಲ್ಲಾದರೂ ಅಂಥ ಪುಡಿಯಲ್ಲಿ ಅಂಗಿಯನ್ನು ಒಮ್ಮೆ ನೆನೆಸಿಟ್ಟಿದ್ದರೆ ಸಾಕು, 1944ರ ಹತ್ತಿಬಟ್ಟೆಯೂ ನಿನ್ನೆಯ ಬಟ್ಟೆಯಂತೆ ಹೊಳೆಯುತ್ತದೆ. ಟಾರ್ಚು ಆಗ ಹೇಳುತ್ತಿರುವುದು ಕೊನೆಯ ಒಗೆತದ ವಿಷಯವನ್ನು, ಮೊದಲ ಹೊಲಿಗೆಯದ್ದನ್ನಲ್ಲ. ಇನ್ನೊಂದು ಮಾತು: ಅಗ್ಗದ ಟಾರ್ಚುಗಳು ಹೆಚ್ಚಾಗಿ 395 ನ್ಯಾನೋಮೀಟರ್ ತರಂಗಾಂತರದವು, ಅವುಗಳ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಬಟ್ಟೆಗೆ ಬಡಿದು ಹಿಂದಿರುಗಿ ಹೊಳಪಿನ ಭ್ರಮೆ ಹುಟ್ಟಿಸುತ್ತದೆ. 365ರ ಟಾರ್ಚು ಸಿಕ್ಕರೆ ಕತ್ತಲೆಯ ಕೋಣೆಯಲ್ಲಿ ಮತ್ತೊಮ್ಮೆ ನೋಡಿ.

ನೋಡುವಾಗ ಎದೆಯ ಮೇಲೆ ಬೆಳಕು ಬಿಟ್ಟು ಸುಮ್ಮನಾಗಬೇಡಿ. ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಕಂಕುಳ ಕೆಳಗೆ ಬಟ್ಟೆಯನ್ನು ಎರಡು ಬಾರಿ ಮಡಚಿ ಹೊಲಿದಿರುವ ಕಡೆ ಬೆರಳಿನಿಂದ ಮಡಿಕೆಯನ್ನು ಮೆಲ್ಲಗೆ ಬಿಡಿಸಿ, ಅದರ ಒಳಗಿನ ಬಟ್ಟೆ ಎಷ್ಟು ಹೊಳೆಯುತ್ತದೆ ಎಂದು ನೋಡಿ. ಸಾಬೂನಿನ ನೀರು ಕಡಿಮೆ ಇಳಿಯುವ ಜಾಗವದು. ಹೊರಗೆ ಜೋರಾಗಿ ಹೊಳೆದು ಮಡಿಕೆಯೊಳಗೆ ಮಂಕಾಗಿದ್ದರೆ ಹೊಳಪು ಹೊರಗಿನಿಂದ ಬಂದದ್ದು. ಒಳಗೂ ಹೊರಗೂ ಒಂದೇ ಸಮ ಇದ್ದರೆ ತುಮಕೂರಿನವರ ಅನುಮಾನಕ್ಕೆ ಬಲ ಬರುತ್ತದೆ.

ಬಳಿಕ ದಾರ. ತಾವು ಶಿಡ್ಲಘಟ್ಟದವರು, ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ರೀಲರುಗಳಿಗೆ ಇದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಒಳಅಂಚಿನಲ್ಲಿ ಜೋತುಬಿದ್ದಿರುವ ದಾರದ ತುದಿಯನ್ನು ಅರ್ಧ ಅಂಗುಲದಷ್ಟು ಕತ್ತರಿಸಿ (ಹೊಲಿಗೆಯನ್ನು ಬಿಚ್ಚಬೇಡಿ), ಚಿಮುಟದಲ್ಲಿ ಹಿಡಿದು, ಅಂಗಿಯಿಂದ ದೂರದಲ್ಲಿ, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಬೆಂಕಿಯಿಂದ ಹಿಂದಕ್ಕೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ಹತ್ತಿ ದಾರ ಇಂದಿಗೂ ಸಿಗುವುದರಿಂದ ಅದೊಂದೇ ಹಳತನಕ್ಕೆ ಸಾಕ್ಷಿಯಾಗುವುದಿಲ್ಲ; ಮೂಲ ಹೊಲಿಗೆಯಲ್ಲಿಯೇ ಪಾಲಿಯೆಸ್ಟರ್ ಇದ್ದರೆ ಮಾತ್ರ ಯುದ್ಧಕಾಲದ ಮಾತು ಅಲ್ಲಿಗೆ ಮುಗಿಯಿತು.

ಜೇಬಿನ ಮುಚ್ಚಳದ ಕೆಳಗೆ ಹಸಿರು ಉಳಿದಿದೆ ಎಂದಿದ್ದೀರಿ. ಅದು ನನಗೆ ಟಾರ್ಚಿನ ಹೊಳಪಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದೆ. ಬರ್ಮಾ ರಂಗದಲ್ಲಿ ಖಾಕಿಯ ಬದಲು ಕಾಡಿನ ಹಸಿರು ಬಣ್ಣದ ಉಡುಪು ಬಂದದ್ದು ಯುದ್ಧದ ಮಧ್ಯಭಾಗದಲ್ಲಿ; ಬಿಸಿಲು ಮತ್ತು ಒಗೆತಕ್ಕೆ ಆ ಬಣ್ಣ ಬೇಗ ಮಾಸುತ್ತಿತ್ತು. ನಕಲಿ ಮಾಡುವವರು ಅಂಗಿಯನ್ನು ಒಟ್ಟಿಗೆ ಚಹಾ ನೀರಿನಲ್ಲಿ ಅದ್ದಿ ಮಾಸಿಸುತ್ತಾರೆ. ಮುಚ್ಚಳದ ಅಡಿಯಲ್ಲಿ ಬೇರೆ ಬಣ್ಣ ಉಳಿಸುವ ತಾಳ್ಮೆ ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಆ ಗಂಡಭೇರುಂಡದ ಗುಂಡಿ. ಅದು ಅಲ್ಲಿರಬಾರದು. ಮದ್ರಾಸ್ ಸ್ಯಾಪರ್ಸ್ ಬ್ರಿಟಿಷ್ ಇಂಡಿಯಾ ಸೇನೆಗೆ ಸೇರಿದ್ದು. ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ. ಅದನ್ನು ಸೇನೆಯದೆಂದೇ ತಿಳಿಯಬೇಕಾಗಿಯೂ ಇಲ್ಲ. ಸಂಸ್ಥಾನದ ಪೊಲೀಸರು, ಕಚೇರಿಯ ಜವಾನರು, ಅರಮನೆಯ ಸೇವಕರು ಇವರ ಉಡುಪಿನ ಮೇಲೂ ಆ ಲಾಂಛನವಿರುತ್ತಿತ್ತು. ಆ ಗುಂಡಿಯ ದಾರವನ್ನು ಬೇರೆಯಾಗಿಯೇ ಪರೀಕ್ಷಿಸಿ.

ಮತ್ತೆ ಪ್ರಶ್ನಿಸಿದವರು (ಶಿಡ್ಲಘಟ್ಟ)

ತಾವು ಹೇಳಿದಂತೆಯೇ ಮಾಡಿದೆ. ಅಜ್ಜಿ ಈಗಿಲ್ಲ, ನಮ್ಮ ಅತ್ತೆಯನ್ನು ಕೇಳಿದೆ. ತಾತ ಹೋದ ಮೇಲೂ ಅಜ್ಜಿ ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಆ ಅಂಗಿಯನ್ನು ಪುಡಿಯಲ್ಲಿ ನೆನೆಸಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಪದಕಗಳ ಜೊತೆ ಪೂಜೆಗೆ ಇಡುತ್ತಿದ್ದರಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಕಂಕುಳ ಮಡಿಕೆಯ ಒಳಗೆ ಹೊಳಪು ತೀರಾ ಮಂಕಾಗಿದೆ. ದಾರದ ಪರೀಕ್ಷೆಯನ್ನು ರೀಲಿಂಗ್ ಮಾಡುವ ಪಕ್ಕದ ಮನೆಯ ಹಿರಿಯರ ಎದುರಿಗೆ ಮಾಡಿದೆವು. ಅಂಚಿನ ದಾರ ಬೂದಿಯಾಯಿತು. ಅವರು ಬೂದಿಯನ್ನು ಉಗುರಿನಲ್ಲಿ ಒತ್ತಿ ನೋಡಿ, "ನೂರಕ್ಕೆ ನೂರು ಹತ್ತಿ" ಎಂದರು. ಹಿತ್ತಾಳೆ ಗುಂಡಿಯ ದಾರ ಮಾತ್ರ ಕರಗಿ ಸಾಸಿವೆಕಾಳಿನಂಥ ಮಣಿಯಾಯಿತು. ಗುಂಡಿಯ ರಹಸ್ಯವನ್ನೂ ಅತ್ತೆಯೇ ಬಿಡಿಸಿದರು: ಸೇನೆಯಿಂದ ಬಂದ ಮೇಲೆ ತಾತ ಕೆಲವು ವರ್ಷ ಮೈಸೂರು ಸಂಸ್ಥಾನದ ಅಮಲ್ದಾರರ (ತಾಲ್ಲೂಕಿನ ಅಧಿಕಾರಿ) ಕಚೇರಿಯಲ್ಲಿ ಜವಾನರಾಗಿದ್ದರಂತೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತಮ್ಮ ಉತ್ತರ ಬರುವ ಮೊದಲೇ ಬರ್ಮಾ ನಕ್ಷತ್ರ ಪದಕವನ್ನು ಹುಣಸೆಹಣ್ಣಿನಲ್ಲಿ ಉಜ್ಜಿದ್ದೆ. ಅದು ಫಳಫಳಿಸುವ ಬದಲು ಗುಲಾಬಿ ಬಣ್ಣಕ್ಕೆ ತಿರುಗಿದೆ.

ಉತ್ತರ (ಕೋಲಾರ ಚಿನ್ನದ ಗಣಿ)

ಹಾಗಾದರೆ ಆ ಗುಂಡಿಯೂ ತಾತನದೇ. ಅಂಗಿಗೆ ಸೇರಿದ್ದು ಮಾತ್ರ ತಡವಾಗಿ. ಬಿದ್ದುಹೋದ ಗುಂಡಿಯ ಜಾಗಕ್ಕೆ ಅಜ್ಜಿ ಕೈಗೆ ಸಿಕ್ಕಿದ್ದನ್ನು ಹೊಲಿದಿದ್ದಾರೆ. ಅದನ್ನು ಕಿತ್ತು "ಸರಿಯಾದ" ಗುಂಡಿ ಹಾಕಲು ಹೋಗಬೇಡಿ. ನಮ್ಮ ಸಂಗ್ರಾಹಕರಲ್ಲಿ ಕೆಲವರಿಗೆ ಆ ಚಟವಿದೆ, ನನಗೂ ಇತ್ತು. 2001ರ ಫೆಬ್ರವರಿಯಲ್ಲಿ ಇಲ್ಲಿನ ಗಣಿ ಮುಚ್ಚಿದ ಮೇಲೆ ಮನೆಗಳಿಂದ ಗುಜರಿಗೆ ಬಂದ ಸಾಮಾನಿನಲ್ಲಿ ಕೋಲಾರ ಚಿನ್ನದ ಗಣಿ ಸ್ವಯಂಸೇವಕ ಪಡೆಯ ಬಿಲ್ಲೆಯೊಂದು ನನಗೆ ಸಿಕ್ಕಿತ್ತು. ಅದರ ಹಿಂಬದಿಯ ಒರಟು ಬೆಸುಗೆಯನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆದೆ. ಯಾರೋ ಅದನ್ನು ತೊಡಲೆಂದೇ ರಿಪೇರಿ ಮಾಡಿಸಿದ್ದ ಗುರುತು ಅದು ಎಂದು ತಿಳಿದದ್ದು ಆಮೇಲೆ.

ಪದಕದ ವಿಷಯ. ಯುದ್ಧದ ನಕ್ಷತ್ರ ಪದಕಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹದವು. ಹುಳಿ ಮೇಲ್ಪದರದ ಸತುವನ್ನು ತಿಂದಾಗ ತಾಮ್ರದ ಕೆಂಪು ಮೇಲೆದ್ದು ಕಾಣುತ್ತದೆ. ಮನೆಯ ಹಿತ್ತಾಳೆ ಚೆಂಬಿನಲ್ಲೂ ಇದನ್ನು ನೋಡಿರುತ್ತೀರಿ. ರಿಬ್ಬನ್ನಿಗೆ ತಾಗದಂತೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಹತ್ತಿಯನ್ನು ಅದ್ದಿ ಹುಳಿಯ ಅಂಶವನ್ನು ಎರಡು ಮೂರು ಬಾರಿ ಒರೆಸಿ ತೆಗೆದು, ಪೂರ್ತಿ ಒಣಗಿಸಿ, ಹಾಗೆಯೇ ಬಿಡಿ. ವರ್ಷಗಳು ಕಳೆದಂತೆ ಬಣ್ಣ ಮತ್ತೆ ಕಂದಾಗುತ್ತದೆ. ಗುಲಾಬಿ ಬಣ್ಣವನ್ನು ಹೋಗಲಾಡಿಸಲು ಪಾಲಿಶ್ ಹಾಕಿದರೆ ಅಕ್ಷರಗಳ ಅಂಚು ಸವೆಯುತ್ತದೆ. ಅಸಲಿ ನಕ್ಷತ್ರವು ಅಚ್ಚೊತ್ತಿ ಮಾಡಿದ್ದು, ಸುಮಾರು 44 ಮಿಲಿಮೀಟರ್ ಎತ್ತರ ಮತ್ತು 38 ಮಿಲಿಮೀಟರ್ ಅಗಲ ಇರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಸಣ್ಣ ಗುಳಿಗಳೂ ಮೊಂಡಾದ ಅಕ್ಷರಗಳೂ ಕಾಣುತ್ತವೆ. ಆ ಚೂಪಾದ ಅಂಚೇ ತಮ್ಮ ಸಾಕ್ಷಿ. ಉಳಿದೆರಡು ಪದಕಗಳನ್ನು ಮುಟ್ಟಬೇಡಿ.

ಕಿಲುಬಿಗೆ ಬರೋಣ. ಬೆವರಿನ ಉಪ್ಪು, ಜಿಡ್ಡು ಮತ್ತು ತೇವ ಸೇರಿ ಹಿತ್ತಾಳೆಯೊಳಗಿನ ತಾಮ್ರವನ್ನು ಹಸಿರಾಗಿಸಿವೆ. ಅಕ್ಷರಪಟ್ಟಿಯನ್ನು ಹಿಂಬದಿಯ ಪಿನ್ನು ಸಡಿಲಿಸಿ ಬಿಡಿಸಿಕೊಳ್ಳಿ. ಬಾರದಿದ್ದರೆ ಎಳೆಯಬೇಡಿ, ಅದರಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ತೂರಿಸಿ ಬಟ್ಟೆಯನ್ನು ಮರೆಮಾಡಿ. ಬಿದಿರಿನ ಕಡ್ಡಿಯನ್ನು ಚೂಪುಮಾಡಿ ಒಣ ಕಿಲುಬನ್ನು ಕೆರೆದು, ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಲೋಹದ ಮೇಲೆ ಮಾತ್ರ ಒರೆಸಿ. ಬಟ್ಟೆಯ ಮೇಲಿನ ಪುಡಿಯನ್ನು ಒಣ ಮೆದು ಬ್ರಷ್ಷಿನಿಂದ ತೆಗೆಯಿರಿ. ಕಲೆ ಉಳಿಯುತ್ತದೆ, ಉಳಿಯಲಿ. ನಿಂಬೆರಸ ಬಿದ್ದರೆ ಕಲೆ ಹೋಗುವ ಮೊದಲು ಎಳೆ ಹೋಗುತ್ತದೆ.

ಗಂಜಿಯ ಮಾತು ಕೇಳಿ ನನಗೆ ಚಿಂತೆಯಾಯಿತು. ಉಣ್ಣೆ ತಿನ್ನುವ ನುಸಿ ಹತ್ತಿಯ ಗೋಜಿಗೆ ಬರುವುದಿಲ್ಲ; ಆದರೆ ಗಂಜಿಗೆ ಜಿರಳೆ ಬರುತ್ತದೆ. ಈಗಾಗಲೇ ಹುಳುವಿನ ಗುರುತಿದ್ದರೆ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಗುಂಡಿಗಳಿಗೆ ತಾಗುವಂತೆ ಇಡಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ.

ಕೊನೆಯದಾಗಿ, ಕತ್ತಿನ ಪಟ್ಟಿಯ ಒಳಭಾಗವನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಹಿಂದಿನಿಂದ ಬೆಳಕು ಬರುವಂತೆ ನೋಡಿದಿರಾ? ಕಾಗೆಯ ಕಾಲಿನಂಥ ಮೂರು ಗೆರೆಯ ಬಾಣ, ಅದರ ಜೊತೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಅದು ಭಾರತದ ಸೇನಾ ಉಗ್ರಾಣದ ಮುದ್ರೆ.

ಉತ್ತರ (ತುಮಕೂರು)

ನನ್ನ ಮೊದಲ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಕೊಂಡ ನನ್ನ ಅಂಗಿಯ ಮಡಿಕೆಯನ್ನು ನಿನ್ನೆ ಬಿಡಿಸಿ ನೋಡಿದೆ. ಅದು ಒಳಗೂ ಹೊರಗೂ ಒಂದೇ ಸಮ ಹೊಳೆಯುತ್ತದೆ, ದಾರವೂ ಕರಗಿತು. ನನ್ನದು ನಕಲಿಯೇ.

ಪ್ರಶ್ನಿಸಿದವರು (ಶಿಡ್ಲಘಟ್ಟ)

ಬಾಣ ಕಂಡಿತು. ಕತ್ತಿನ ಪಟ್ಟಿಯಲ್ಲಿ ಅಲ್ಲ, ಎಡಜೇಬಿನ ಹಿಂದೆ, ಶಾಯಿ ಮಸುಕಾಗಿ ಕಂದು ಬಣ್ಣಕ್ಕೆ ತಿರುಗಿದೆ. ಜೊತೆಗೆ ಐ ಅಕ್ಷರವೂ ಅದರ ಕೆಳಗೆ ಒಂದು ಅಂಕಿಯೂ ಇವೆ. ಅಂಕಿ 4 ಎಂದು ಅತ್ತೆ, 1 ಎಂದು ನಾನು. ಅಂಗಿಯನ್ನು ಒಗೆದಿಲ್ಲ. ಈ ಸಲದ ಆಯುಧಪೂಜೆಗೂ ಹಾಗೆಯೇ ಇಡುತ್ತೇವೆ, ಗಂಜಿಯಿಲ್ಲದೆ.