ಪದಚರ್ಚೆ: ‘ಗುಪ್ತರೋಗ’, ‘ಪರಂಗಿ ಹುಣ್ಣು’, ‘ಮರ್ಮಾಂಗ’

ಗೆಳೆಯರೆ,

ಬೆಂಗಳೂರಿನ ಮೆಜೆಸ್ಟಿಕ್, ಕಬ್ಬನ್ ಪಾರ್ಕ್ ಸುತ್ತ ಗೇ ಹುಡುಗರ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಲೈಂಗಿಕ ಆರೋಗ್ಯದ ಒಂದು ಕರಪತ್ರದ ಕನ್ನಡ ತಿದ್ದಿಕೊಡು ಅಂತ ಕೊಟ್ಟಿದ್ದಾನೆ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಗುಪ್ತರೋಗ’. ಗೋಡೆ ಜಾಹೀರಾತುಗಳ ಪದ. ಗುಪ್ತ ಅಂದಮೇಲೆ ಬಚ್ಚಿಡಬೇಕು ಅಂತಲೇ ಆಯಿತಲ್ವಾ? ಅದನ್ನು ಹೊಡೆದುಹಾಕಿ ‘ಲೈಂಗಿಕ ಸೋಂಕು’ ಅಂತ ಬರೆದೆ. ‘ರೋಗ’ಕ್ಕಿಂತ ‘ಸೋಂಕು’ ಸರಿ. ಗೊನೋರಿಯಾ ಅನ್ನೋ ಸೋಂಕು ಗಂಟಲಲ್ಲೋ ಗುದದಲ್ಲೋ ಇದ್ದರೆ ಬಹಳ ಸಲ ನೋವೂ ಇಲ್ಲ, ಉರಿಯೂ ಇಲ್ಲ. ‘ರೋಗ ಇದ್ದರೆ ಬನ್ನಿ’ ಅಂದರೆ ಅಂಥವನು ಯಾಕೆ ಬರ್ತಾನೆ?

ಸಿಫಿಲಿಸ್‌ಗೆ ಹಳಬರು ‘ಪರಂಗಿ ಹುಣ್ಣು’ ಅನ್ನುತ್ತಿದ್ದರು. ಯುರೋಪಿನವರ ಜೊತೆ ಬಂದ ಕಾಯಿಲೆ ಅಂತ ಆ ಹೆಸರು. 16ನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲೇ ‘ಫಿರಂಗರೋಗ’ ಇದೆ. ಅದಕ್ಕೆ ಕೊಡುತ್ತಿದ್ದ ಬೇರು ಪರಂಗಿ ಚೆಕ್ಕೆ. ಪರಂಗಿ ಹಣ್ಣೂ ಹೊರಗಿನಿಂದ ಬಂದದ್ದೇ. ಪದ ನನಗೆ ತುಂಬಾ ಇಷ್ಟ. ಆದರೆ ಕರಪತ್ರಕ್ಕೆ ಬೇಡ ಅನಿಸಿತು. ಹುಣ್ಣು ಅಂದರೆ ನಾವು ನೋವು ಅಂದುಕೊಳ್ಳುತ್ತೇವೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಸೋಂಕು ಮಾತ್ರ ಒಳಗೇ ಉಳಿಯುತ್ತದೆ. ಆಮೇಲೆ ಅಂಗೈ, ಅಂಗಾಲಲ್ಲಿ ದದ್ದು ಏಳಬಹುದು. ಪೆನಿಸಿಲಿನ್ ಇಂಜೆಕ್ಷನ್ನಿಗೆ ವಾಸಿಯಾಗುವ ಕಾಯಿಲೆ ಇದು, ಗೊತ್ತಾಗಬೇಕು ಅಷ್ಟೇ. ‘ನೋಯದ ಹುಣ್ಣು’ ಅಂತ ಬಿಡಿಸಿ ಬರೆದಿದ್ದೇನೆ.

ನಿಜವಾದ ಕಷ್ಟ ಮೂರನೆಯದು. ಕರಪತ್ರದ ತುಂಬಾ ‘ಮರ್ಮಾಂಗ’. ‘ಮರ್ಮಾಂಗದ ಪರೀಕ್ಷೆ ಮಾಡಿಸಿ’ ಅಂತ ಓದಿ ಒಬ್ಬ ಹುಡುಗ ಹೋದನಂತೆ. ಮೂತ್ರ ಕೊಟ್ಟ, ಏನೂ ಇಲ್ಲ ಅಂತ ಬಂತು, ನಿರಾಳವಾಗಿ ವಾಪಸ್ ಬಂದ. ಗುದದಿಂದ ಸ್ವ್ಯಾಬ್ (ಹತ್ತಿಕಡ್ಡಿಯಲ್ಲಿ ಮಾದರಿ) ತೆಗೆಯಬೇಕಿತ್ತು. ಅಲ್ಲಿ ಯಾರೂ ಕೇಳಲಿಲ್ಲ, ಇವನಿಗೆ ಹೇಳಲು ಬಾಯಿ ಬರಲಿಲ್ಲ. ಸೋಂಕು ಇದ್ದದ್ದು ಅಲ್ಲೇ. ಗೆಳೆಯ ಇದನ್ನು ಹೇಳುವಾಗ ಕರಪತ್ರದ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದ. ಆವತ್ತಿಂದ ಆ ಪದ ಕಂಡರೆ ನನಗೆ ಸಂಕಟ.

ಆ ಜಾಗದ ಹೆಸರನ್ನೇ ನೇರವಾಗಿ ಬರೆಯೋಣ ಅಂದರೆ, ‘ಗುದದ್ವಾರ’ ಪುಸ್ತಕದ ಪದ. ಓದಿದರೆ ಅರ್ಥವಾಗುತ್ತದೆ, ಡಾಕ್ಟರ ಮುಂದೆ ಬಾಯಲ್ಲಿ ಬರುವುದಿಲ್ಲ. ‘ಮಲದ್ವಾರ’ ಅಂದರೆ ಹುಡುಗರು ಮುಖ ಸಿಂಡರಿಸುತ್ತಾರೆ. ಈ ಕಡೆ ‘ತಿಕ’, ಉತ್ತರ ಕರ್ನಾಟಕದ ‘ಮುಕಳಿ’, ಎರಡೂ ಬೈಗುಳದಲ್ಲೇ ಜಾಸ್ತಿ. ‘ಹಿಂದುಗಡೆ’ ಅಂದರೆ ಬೆನ್ನೂ ಆಗುತ್ತದೆ.

(ಅಂದ ಹಾಗೆ, ಆ ಸಮುದಾಯದಲ್ಲಿ ಹೆಣ್ಣಿನ ಹಾವಭಾವದ ಕೆಲವರು ತಮ್ಮನ್ನು ‘ಕೋತಿ’ ಅಂತಲೇ ಕರೆದುಕೊಳ್ಳುತ್ತಾರೆ. ಮಂಗನಿಗೂ ಅದಕ್ಕೂ ಸಂಬಂಧವಿಲ್ಲ, ದಯವಿಟ್ಟು ಯಾರೂ ‘ತಿದ್ದಬೇಡಿ’.)

ಚಿಕ್ಕ ಮಕ್ಕಳಿಗೆ ತೊಳೆಸುವಾಗ ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ ಆ ಜಾಗಕ್ಕೆ ಏನನ್ನುತ್ತಿದ್ದರು? ಬೈಗುಳವಲ್ಲದ, ನಾಚಿಕೆ ಹುಟ್ಟಿಸದ ಪದ ನಿಮ್ಮೂರಲ್ಲಿ ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.