ವೋಲ್ಟೇಜ್ ಬದಲಾಗಿಲ್ಲ, ಎಲ್‌ಇಡಿ ಕರೆಂಟ್ ಮಾತ್ರ ಏರುತ್ತಿದೆ. ಯಾಕೆ?

ಪ್ರಶ್ನೆ: ಸಾರ್, 1 ವ್ಯಾಟಿನ ಐದು ಬಿಳಿ ಎಲ್‌ಇಡಿ ಪ್ಯಾರಲಲ್ ಜೋಡಿಸಿ ಟೇಬಲ್ ಲೈಟ್ ಮಾಡಿದ್ದೇನೆ. 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್, ಮುಂದೆ ವೋಲ್ಟೇಜ್ ಇಳಿಸುವ ಬಕ್ ಮಾಡ್ಯೂಲ್, ಅದರಲ್ಲಿ 3.2 ವೋಲ್ಟ್ ಸೆಟ್ ಮಾಡಿದೆ. ಹಚ್ಚಿದಾಗ 1.2 ಆಂಪ್ ಇತ್ತು. ಅರ್ಧ ಗಂಟೆಗೆ 1.9 ಆಯಿತು! ಮಾಡ್ಯೂಲ್ ಕೆಟ್ಟಿದೆಯಾ?

ಉತ್ತರ (ಎಲ್‌ಇಡಿ ಡ್ರೈವರ್ ಡಿಸೈನ್ ನನ್ನ ಕೆಲಸ): ಮಾಡ್ಯೂಲ್ ಚೆನ್ನಾಗಿಯೇ ಇದೆ. ತಂತಿ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, ಎಲ್‌ಇಡಿ ಒಂದು ಡಯೋಡ್, ಅದು ಹಾಗಲ್ಲ. ಬಿಸಿಯಾದಷ್ಟೂ ಎಲೆಕ್ಟ್ರಾನ್‌ಗಳು ಜಂಕ್ಷನ್ (ಒಳಗಿನ ಎರಡು ಪದರ ಸೇರುವ ಗಡಿ) ದಾಟುವುದು ಸುಲಭವಾಗುತ್ತದೆ. ಅಷ್ಟೇ ಕರೆಂಟಿಗೆ ಬೇಕಾದ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಕೆಲವು ಬಿಳಿ ಎಲ್‌ಇಡಿಗಳಲ್ಲಿ ಇನ್ನೂ ಜಾಸ್ತಿ. 50 ಡಿಗ್ರಿ ಏರಿದರೆ 0.1 ವೋಲ್ಟ್. ಇದೇನು ಮಹಾ ಅನಿಸಬಹುದು. ಆದರೆ 3.2 ವೋಲ್ಟಿನ ಹತ್ತಿರ 0.1 ವೋಲ್ಟ್ ಅಂದರೆ ಐದೂ ಎಲ್‌ಇಡಿ ಸೇರಿ ನೂರಾರು ಮಿಲಿಆಂಪಿನ ವ್ಯತ್ಯಾಸ. ನೀವು ವೋಲ್ಟೇಜ್ ಕಟ್ಟಿಹಾಕಿದ್ದೀರಿ, ಕರೆಂಟನ್ನು ತಡೆಯುವವರೇ ಇಲ್ಲ. ಕರೆಂಟ್ ಏರಿದರೆ ಬಿಸಿ, ಬಿಸಿಯಾದರೆ ಮತ್ತೆ ಕರೆಂಟ್.

ಪ್ಯಾರಲಲ್‌ನಲ್ಲಿ ಇನ್ನೊಂದು ಕಾಟ. ಐದರಲ್ಲಿ ಹೆಚ್ಚು ಬಿಸಿಯಾದದ್ದೇ ಉಳಿದವುಗಳ ಪಾಲನ್ನೂ ಎಳೆದುಕೊಳ್ಳುತ್ತದೆ. ಮೊದಲು ಹೋಗುವುದೂ ಅದೇ.

ಪ್ರಶ್ನೆ: ಕರೆಂಟ್ ಜಾಸ್ತಿ ಆದರೆ ಬೆಳಕೂ ಜಾಸ್ತಿ ಅಲ್ವಾ ಸಾರ್?

ಉತ್ತರ: ಅಷ್ಟು ಲೆಕ್ಕಕ್ಕೆ ಬರಲ್ಲ. ಬಿಸಿ ಎಲ್‌ಇಡಿ ಪ್ರತಿ ಆಂಪಿಗೆ ಕೊಡುವ ಬೆಳಕೇ ಕಡಿಮೆ. ಕೆಂಪು, ಹಳದಿ ಎಲ್‌ಇಡಿಗಳಲ್ಲಂತೂ ನೀಲಿಗಿಂತ ಬಹಳ ಬೇಗ ಕುಸಿಯುತ್ತದೆ.

ಇನ್ನೊಬ್ಬ ಸದಸ್ಯರು: ನಮ್ಮ ಅಂಗಡಿಯ 12 ವೋಲ್ಟ್ ಸ್ಟ್ರಿಪ್‌ಗೂ ಇದೇ ಕಥೆನಾ?

ಉತ್ತರ: ಅಲ್ಲಿ ಮೂರು ಎಲ್‌ಇಡಿಗೆ ಒಂದು ರೆಸಿಸ್ಟರ್ ಇರುತ್ತದೆ, ಕರೆಂಟನ್ನು ತಡೆಯುವುದು ಅದೇ. 120 ಓಮ್ ಅಂತ ಇಟ್ಟುಕೊಳ್ಳಿ. ತಣ್ಣಗಿದ್ದಾಗ ಅದರ ಮೇಲೆ 2.4 ವೋಲ್ಟ್, ಕರೆಂಟ್ 20 ಮಿಲಿಆಂಪ್. 40 ಡಿಗ್ರಿ ಏರಿದರೂ 22 ಅಷ್ಟೇ. ಸ್ಟ್ರಿಪ್ಪಿಗೆ ಬಿಸಿಗಿಂತ ಸಪ್ಲೈ ದೊಡ್ಡ ಶತ್ರು. ಅದನ್ನೇ ಕಾರಿಗೆ ಹಾಕಿ ಎಂಜಿನ್ ಓಡುವಾಗ 14.4 ವೋಲ್ಟ್ ಬಂದರೆ ಕರೆಂಟ್ ಹೆಚ್ಚುಕಡಿಮೆ ಇಮ್ಮಡಿ.

ಮೊದಲು ಕೇಳಿದವರಿಗೆ: ಐದನ್ನೂ ಸೀರೀಸ್ ಮಾಡಿ, ಒಟ್ಟು ಸುಮಾರು 16 ವೋಲ್ಟ್, ನಿಮ್ಮ ಅಡಾಪ್ಟರಿಗೆ ಸರಿಹೋಗುತ್ತದೆ. ಮಾಡ್ಯೂಲಿನಲ್ಲಿ ಕರೆಂಟ್ ಮಿತಿಯ ಇನ್ನೊಂದು ಸ್ಕ್ರೂ ಇದ್ದರೆ 300 ಮಿಲಿಆಂಪಿಗೆ ಇಡಿ. ಇಲ್ಲದಿದ್ದರೆ ಅದು ಇರುವ ಮಾಡ್ಯೂಲ್ ತಗೊಳ್ಳಿ. ಬಿಸಿ ಎಳೆದು ಹೊರಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಹೇಗಿದ್ದರೂ ಬೇಕು.

ಪ್ರಶ್ನೆ: ಹೀಟ್‌ಸಿಂಕ್ ಸಾಕಾಗಿದೆಯಾ ಅಂತ ಹೇಗೆ ತಿಳಿಯೋದು?

ಉತ್ತರ: ಎಲ್‌ಇಡಿಯನ್ನೇ ಕೇಳಿ. ತಣ್ಣಗಿರುವಾಗ ಒಂದು ಎಲ್‌ಇಡಿಗೆ ಮಾತ್ರ 3.3 ಕಿಲೋಓಮ್ ರೆಸಿಸ್ಟರ್ ಮೂಲಕ ಅಡಾಪ್ಟರ್ ಕೊಟ್ಟು, ಅಂದರೆ ಸುಮಾರು 5 ಮಿಲಿಆಂಪಿನಲ್ಲಿ, ಅದರ ವೋಲ್ಟೇಜ್ ಬರೆದುಕೊಳ್ಳಿ. ಒಂದು ಗಂಟೆ ಉರಿಸಿ, ಆರಿಸಿದ ಕೂಡಲೇ ಅದೇ ರೀತಿ ಮತ್ತೆ ಅಳೆಯಿರಿ. 0.1 ವೋಲ್ಟ್ ಇಳಿದಿದ್ದರೆ ಅಂದಾಜು 50 ಡಿಗ್ರಿ ಏರಿದೆ. ಅದಕ್ಕಿಂತ ಜಾಸ್ತಿ ಇಳಿದರೆ ದೊಡ್ಡ ಹೀಟ್‌ಸಿಂಕ್ ಹುಡುಕಿ.