ದಕ್ಷಿಣ ಸಸ್ಕ್ಯಾಚೆವಾನ್ ನದಿ: ಜೂನ್‌ನಲ್ಲಿ ನೆರೆ ಬಂದರೂ ಹೊಸಬರಿಗೆ ನೀರೇಕಿಲ್ಲ?

ಬಯಲುಸೀಮೆ (ಪ್ರಶ್ನೆ):
ಕೆನಡಾದ ಆಲ್ಬರ್ಟಾದಲ್ಲಿ ಬೋ ಮತ್ತು ಓಲ್ಡ್‌ಮನ್ ನದಿಗಳು ಕೂಡಿ ದಕ್ಷಿಣ ಸಸ್ಕ್ಯಾಚೆವಾನ್ ನದಿಯಾಗುತ್ತವೆ. 2013ರ ಜೂನ್‌ನಲ್ಲಿ ಬೋ ನದಿಯ ನೆರೆಗೆ ಕ್ಯಾಲ್ಗರಿ ನಗರದ ನಡುಭಾಗವೇ ಜಲಾವೃತವಾಗಿತ್ತು. ಹೀಗಿರುವಾಗ ಈ ಜಲಾನಯನದ ಬಹುಭಾಗದಲ್ಲಿ ಹೊಸ ನೀರಿನ ಪರವಾನಗಿಗೆ ಅರ್ಜಿಯನ್ನೇ ಪಡೆಯುವುದಿಲ್ಲವೇಕೆ? ತುಂತುರು ನೀರಾವರಿಯಿಂದ ಕೊರತೆ ನೀಗದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳ್ಳಕೊಳ್ಳ:
ನದಿ ಹರಿಯುವುದು ಹುಲ್ಲುಬಯಲಿನಲ್ಲಾದರೂ ಅದರ ನೀರಿನ ಬಹುಪಾಲು ರಾಕಿ ಪರ್ವತಗಳ ಹಿಮ ಮತ್ತು ಮಳೆಯದು. ಬಯಲಿನಲ್ಲಿ ಹಿಮಯುಗ ಬಿಟ್ಟುಹೋದ ಅಸಂಖ್ಯ ತಗ್ಗುಗಳಿವೆ. ವಸಂತದಲ್ಲಿ ಹೊಲದ ಹಿಮ ಕರಗಿದ ನೀರು ಅವುಗಳಲ್ಲೇ ನಿಂತು, ಸ್ವಲ್ಪ ಇಂಗಿ, ಉಳಿದದ್ದು ಬೇಸಿಗೆಯಲ್ಲಿ ಆವಿಯಾಗುತ್ತದೆ. ವಿಪರೀತ ತೇವದ ವರ್ಷಗಳಲ್ಲಿ ಮಾತ್ರ ಒಂದು ತಗ್ಗು ಕೋಡಿ ಬಿದ್ದು ಮತ್ತೊಂದಕ್ಕೆ ಹರಿದು, ಕೊನೆಗೆ ನದಿಯನ್ನು ಮುಟ್ಟೀತು. ಆದ್ದರಿಂದ ನಕ್ಷೆಯಲ್ಲಿ ಜಲಾನಯನವೆಂದು ಗೆರೆ ಎಳೆದ ನೆಲವೆಲ್ಲ ನದಿಗೆ ನೀರು ಕೊಡುತ್ತದೆಂದು ಲೆಕ್ಕ ಹಾಕುವಂತಿಲ್ಲ. ಜೂನ್‌ನ ಭರವೂ ಆಗಸ್ಟ್‌ನ ಹೊತ್ತಿಗೆ ಇಳಿದಿರುತ್ತದೆ.

ತೂಬುಗಾರ:
ಹಂಚಿಕೆಯ ಕಥೆ ಬೇರೆ. 1894ರ ವಾಯವ್ಯ ನೀರಾವರಿ ಕಾಯ್ದೆಯ ಕಾಲದಿಂದ ಬಂದ ಪದ್ಧತಿಯಂತೆ, ಮೊದಲು ಪರವಾನಗಿ ಪಡೆದವರಿಗೆ ಮೊದಲ ಹಕ್ಕು. ಬರಗಾಲದಲ್ಲಿ ಹಳಬರ ಪಾಲು ಸಂದ ಮೇಲೆಯೇ ಹೊಸಬರ ಸರದಿ. ಹಂಚಿಕೆಯಾದ ನೀರಿನಲ್ಲಿ ಸಿಂಹಪಾಲು ನೀರಾವರಿಯದು. ಮೇಲಾಗಿ 1969ರ ಒಪ್ಪಂದದಂತೆ ಆಲ್ಬರ್ಟಾ ನೈಸರ್ಗಿಕ ಹರಿವಿನ ಅರ್ಧವನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸಸ್ಕ್ಯಾಚೆವಾನ್ ಪ್ರಾಂತ್ಯಕ್ಕೆ ಹರಿಯಗೊಡಬೇಕು. ಅಲ್ಲಿ 1967ರಲ್ಲಿ ಮುಗಿದ ಗಾರ್ಡಿನರ್ ಅಣೆಕಟ್ಟು ಅದಕ್ಕಾಗಿ ಕಾದಿದೆ. ಹೀಗಾಗಿ 2006ರ ಯೋಜನೆಯು ಬೋ, ಓಲ್ಡ್‌ಮನ್ ಹಾಗೂ ದಕ್ಷಿಣ ಸಸ್ಕ್ಯಾಚೆವಾನ್ ಉಪಜಲಾನಯನಗಳಲ್ಲಿ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ರೆಡ್ ಡಿಯರ್ ಮಾತ್ರ ತೆರೆದಿತ್ತು. ಹೊಸದಾಗಿ ನೀರು ಬೇಕಾದವರು ಹಳೆಯ ಪರವಾನಗಿಯೊಂದನ್ನು ವರ್ಗಾಯಿಸಿಕೊಳ್ಳಬೇಕು, ಮತ್ತು ಅಂಥ ವರ್ಗಾವಣೆಯಲ್ಲಿ ಶೇ. 10ರವರೆಗೆ ನದಿಗೆಂದು ತಡೆಹಿಡಿಯಲು ಸರ್ಕಾರಕ್ಕೆ ಅವಕಾಶವಿದೆ.

ಬಯಲುಸೀಮೆ:
ವಿವರಗಳಿಗೆ ಧನ್ಯವಾದಗಳು. ತುಂತುರು ನೀರಾವರಿಯ ಮಾತು ಉಳಿಯಿತು.

ಹಳ್ಳಕೊಳ್ಳ:
ಆ ಬದಲಾವಣೆ ದಕ್ಷಿಣ ಆಲ್ಬರ್ಟಾದಲ್ಲಿ ಬಹುಮಟ್ಟಿಗೆ ಆಗಿಹೋಗಿದೆ. ಹೊಲದ ನಡುವಿನ ಗೂಟದ ಸುತ್ತ ಚಕ್ರಗಳ ಮೇಲೆ ಉರುಳುವ ಉದ್ದನೆಯ ಪಿವಟ್ ಕೊಳವೆಯಿಂದ ಸಣ್ಣ ಕೊಳವೆಗಳು ಇಳಿಬಿದ್ದು, ಗಾಳಿಗೆ ಹಾರಿಹೋಗದಂತೆ ಬೆಳೆಯ ತಲೆಯ ಮೇಲೆಯೇ ನೀರು ಚಿಮುಕಿಸುತ್ತವೆ. ಆದರೆ ಉಳಿತಾಯವಾದ ನೀರು ನದಿಗೇ ಸೇರುತ್ತದೆಂಬ ಖಾತರಿಯಿಲ್ಲ: ಪರವಾನಗಿಯ ಪ್ರಮಾಣ ಹಾಗೆಯೇ ಇರುವುದರಿಂದ ಅದೇ ನೀರಿನಲ್ಲಿ ಇನ್ನಷ್ಟು ಎಕರೆ ಬೆಳೆಯಬಹುದು, ಮತ್ತು ಹಿಂದೆ ಹೊಲಗಳಿಂದ ಬಸಿದು ನದಿಗೆ ಮರಳುತ್ತಿದ್ದ ನೀರೂ ತಗ್ಗುತ್ತದೆ. ನನ್ನ ಮಟ್ಟಿಗೆ, 2001ರ ಬರದಲ್ಲಿ ದಕ್ಷಿಣದ ಉಪನದಿಗಳ ಬಳಕೆದಾರರು ಹಿರಿತನವನ್ನು ಬದಿಗಿಟ್ಟು ಇದ್ದ ನೀರನ್ನು ಹಂಚಿಕೊಂಡದ್ದು ಯಾವ ಯಂತ್ರಕ್ಕಿಂತಲೂ ಹೆಚ್ಚು ಫಲಕಾರಿ. 2024ರಲ್ಲೂ ಅಂಥ ಒಪ್ಪಂದಗಳಾದವು, ಆದರೆ ಅವು ಸ್ವಯಂಪ್ರೇರಿತ. ಸಹಿ ಹಾಕದವರ ಹಿರಿತನದ ಹಕ್ಕಿಗೆ ಅವುಗಳಿಂದ ಯಾವ ಬಾಧಕವೂ ಇಲ್ಲ.